ಕೋಡ್ ಸರಿ ಇದೆ, ಕರೆಂಟ್ ನೋಡಿ

ಗಣಪತಿ ಹತ್ತಿರ ಬಂದ. ಅದಕ್ಕೇ ಇರಬೇಕು, ಮನೆಯಲ್ಲೇ ಎಲೆಕ್ಟ್ರಾನಿಕ್ಸ್ ಮಾಡುವವರಿಂದ ಬಂದ ಈ ಸಲದ ಪತ್ರಗಳಲ್ಲಿ ದೀಪ, ಮೋಟಾರು, ತಿರುಗೋ ಚಕ್ರಗಳದ್ದೇ ಸುದ್ದಿ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಬಹಳ ಜನ ಪುಟಗಟ್ಟಲೆ ಕೋಡ್ ಕಳಿಸಿದ್ದೀರಿ. ಆದರೆ ಅಡಾಪ್ಟರ್ ಎಷ್ಟು ಆಂಪಿಯರಿನದು, ವೈರ್ ಎಷ್ಟು ದಪ್ಪ, ಬೆಸುಗೆ ಹಾಕಿದ್ದೀರೋ ಸುಮ್ನೆ ತಿರುಚಿ ಬಿಟ್ಟಿದ್ದೀರೋ ಅಂತ ಬರೆದವರು ಕಡಿಮೆ. ಮುಂದಿನ ಸಲ ಅದನ್ನು ಮೊದಲು ಬರೀರಿ, ಕೋಡ್ ಆಮೇಲೆ ನೋಡೋಣ.

ಪ್ರಶ್ನೆ: ಸರ್, ಮನೆ ಗಣಪತಿಗೆ ಇಲ್ಲಿನವರ ಹಾಗೆ ಒಂದು ‘ಹಲತೇ ದೇಖಾವಾ’ (ಚಲಿಸುವ ಅಲಂಕಾರದ ದೃಶ್ಯ) ಮಾಡ್ತಾ ಇದ್ದೇನೆ. ಮೂರ್ತಿಯ ಹಿಂದೆ ತಿರುಗುವ ಚಕ್ರ, ಅದಕ್ಕೆ 12 ವೋಲ್ಟಿನ ಗೇರ್ ಮೋಟಾರ್. ಸುತ್ತಲೂ ಬಣ್ಣ ಬದಲಾಯಿಸುವ ಡಬ್ಲ್ಯೂಎಸ್2812ಬಿ ಎಲ್‌ಇಡಿ ಪಟ್ಟಿ, 5 ಮೀಟರ್, ಒಟ್ಟು 150 ದೀಪ. 12 ವೋಲ್ಟ್ 2 ಆಂಪಿಯರ್ ಅಡಾಪ್ಟರಿನಿಂದ ಆರ್ಡುಯಿನೋ ಊನೋಗೂ (ಕೋಡ್ ಓಡಿಸುವ ಪುಟ್ಟ ಬೋರ್ಡ್) ಮೋಟಾರಿಗೂ ಕರೆಂಟ್ ಕೊಟ್ಟಿದ್ದೇನೆ. ಪಟ್ಟಿಯನ್ನು ಆರ್ಡುಯಿನೋದ 5 ವೋಲ್ಟ್ ಪಿನ್ನಿಗೆ ಸೇರಿಸಿದ್ದೇನೆ. ಹತ್ತು ದೀಪ ಹಾಕಿದರೆ ಚೆನ್ನಾಗಿ ಓಡುತ್ತದೆ. ಎಲ್ಲಾ ಹಾಕಿ ಬಿಳಿ ಬಣ್ಣ ಕೊಟ್ಟರೆ ಪಟ್ಟಿಯ ಕೊನೆ ಕೆಂಪಗೆ ಕಾಣುತ್ತದೆ. ಮೋಟಾರ್ ಶುರುವಾದ ಕೂಡಲೇ ಆರ್ಡುಯಿನೋ ರೀಸೆಟ್ ಆಗುತ್ತದೆ. ಕೋಡ್ ಎಷ್ಟು ಸಲ ತಿದ್ದಿದರೂ ಅದೇ ಗೋಳು.
— ಇಂಜಿನಿಯರಿಂಗ್ ವಿದ್ಯಾರ್ಥಿ, ಕೋಥ್ರೂಡ್, ಪುಣೆ

ಉತ್ತರ: ಕೋಡನ್ನು ಇನ್ನು ಮುಟ್ಟಬೇಡಿ, ಅದು ಸರಿಯಾಗಿಯೇ ಇದೆ. ಲೆಕ್ಕ ಮಾಡೋಣ ಬನ್ನಿ. ಆ ಪಟ್ಟಿಯ ಒಂದೊಂದು ದೀಪದೊಳಗೂ ಕೆಂಪು, ಹಸಿರು, ನೀಲಿ ಅಂತ ಮೂರು ಚಿಕ್ಕ ದೀಪಗಳಿವೆ. ಒಂದೊಂದೂ ಪೂರ್ತಿ ಉರಿದರೆ ಸುಮಾರು 20 ಮಿಲಿಆಂಪಿಯರ್ ಎಳೆಯುತ್ತದೆ. ಮೂರೂ ಸೇರಿದರೆ ಬಿಳಿ, ಅಂದರೆ 60. ಇದನ್ನು 150ರಿಂದ ಗುಣಿಸಿ, 9 ಆಂಪಿಯರ್ ಆಯ್ತು! ಅಷ್ಟನ್ನೂ ನೀವು ಕೇಳ್ತಾ ಇರೋದು ಆರ್ಡುಯಿನೋ ಬೋರ್ಡಿನ ಮೇಲಿರುವ ಒಂದು ಪುಟ್ಟ ರೆಗ್ಯುಲೇಟರನ್ನು, ಅಂದರೆ ವೋಲ್ಟೇಜನ್ನು 5ಕ್ಕೆ ಇಳಿಸುವ ಭಾಗವನ್ನು. ಅದಕ್ಕೆ 12 ವೋಲ್ಟ್ ಕೊಟ್ಟು 5 ವೋಲ್ಟ್ ತೆಗೆದರೆ ಮಿಕ್ಕ 7 ವೋಲ್ಟ್ ಬಿಸಿಯಾಗಿ ಹೋಗುತ್ತದೆ. ಬರೀ ಅರ್ಧ ಆಂಪಿಯರ್ ಎಳೆದರೂ ಮೂರೂವರೆ ವಾಟ್ ಬಿಸಿ, ಅದೂ ಅಷ್ಟು ಚಿಕ್ಕ ಜಾಗದಲ್ಲಿ. ಅದಿನ್ನೂ ಸುಟ್ಟುಹೋಗಿಲ್ಲ ಅಂದರೆ ನಿಮ್ಮ ಗಣಪತಿಯೇ ಕಾಪಾಡಿದ್ದಾನೆ.

ಕೊನೆ ಯಾಕೆ ಕೆಂಪಗಾಯಿತು? ಪಟ್ಟಿಯೊಳಗಿನ ತಾಮ್ರ ಕಾಗದದಷ್ಟು ತೆಳು. ಅಷ್ಟು ಕರೆಂಟ್ ಅದರಲ್ಲಿ ಹರಿದಾಗ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ಕೆಂಪು ದೀಪ ಉರಿಯಲು 2 ವೋಲ್ಟ್ ಇದ್ದರೆ ಸಾಕು, ನೀಲಿಗೂ ಹಸಿರಿಗೂ ಸುಮಾರು 3 ಬೇಕು. ಹಾಗಾಗಿ ಕೊನೆಯಲ್ಲಿ ಮೊದಲು ಸೊರಗೋದು ನೀಲಿ ಮತ್ತು ಹಸಿರು, ಉಳಿಯೋದು ಕೆಂಪು. ಮಲ್ಟಿಮೀಟರಿನಲ್ಲಿ ಪಟ್ಟಿಯ ಶುರುವಿಗೊಮ್ಮೆ, ಕೊನೆಗೊಮ್ಮೆ ಅಳೆದು ನೋಡಿ, ಕಣ್ಣಿಗೇ ಕಾಣುತ್ತದೆ.

ಪರಿಹಾರ ಹೀಗೆ. 5 ವೋಲ್ಟ್ 10 ಆಂಪಿಯರಿನ ಬೇರೆ ಎಸ್‌ಎಂಪಿಎಸ್ (ಮನೆ ಕರೆಂಟನ್ನು ಇಳಿಸಿ ಕೊಡುವ ಪವರ್ ಸಪ್ಲೈ ಡಬ್ಬಿ) ತನ್ನಿ. ಅದರಿಂದ ದಪ್ಪ ವೈರ್ ಎಳೆದು ಪಟ್ಟಿಯ ಎರಡೂ ತುದಿಗೆ ಕರೆಂಟ್ ಕೊಡಿ, ಸಾಧ್ಯವಾದರೆ ನಡುವೆಯೂ ಒಂದು ಕಡೆ ಕೊಡಿ. ಪಟ್ಟಿಯ ಗ್ರೌಂಡ್ (ಮೈನಸ್ ವೈರ್), ಎಸ್‌ಎಂಪಿಎಸ್ ಗ್ರೌಂಡ್, ಆರ್ಡುಯಿನೋ ಗ್ರೌಂಡ್ ಮೂರೂ ಒಂದಾಗಬೇಕು, ಇಲ್ಲದಿದ್ದರೆ ದೀಪಗಳು ತಮಗೆ ತೋಚಿದ ಬಣ್ಣ ತೋರಿಸುತ್ತವೆ. ಡೇಟಾ ವೈರಿಗೆ ಪಟ್ಟಿಯ ಹತ್ತಿರವೇ 330 ಓಮ್ ರೆಸಿಸ್ಟರ್ ಹಾಕಿ. ಪಟ್ಟಿಯ ಶುರುವಿನಲ್ಲಿ ಪ್ಲಸ್ ಮೈನಸ್ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಕೋಡಿನಲ್ಲಿ ಏನಾದರೂ ಮಾಡಲೇಬೇಕು ಅನಿಸಿದರೆ ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗಿಳಿಸಿ. ಪೂರ್ತಿ ಬೆಳಕಿನಲ್ಲಿ ಆ ಪಟ್ಟಿ ಕಣ್ಣಿಗೆ ಚುಚ್ಚುತ್ತದೆ, ಮೂರ್ತಿಯ ಮುಖವೂ ಕಾಣೋದಿಲ್ಲ.

ಈಗ ಮೋಟಾರ್. ನಿಂತ ಮೋಟಾರ್ ತಿರುಗಲು ಶುರುಮಾಡುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ. ಅಡಾಪ್ಟರ್ ಒಂದು ಕ್ಷಣ ಕುಸಿಯುತ್ತದೆ, ಆರ್ಡುಯಿನೋಗೆ ಕಣ್ಣು ಕತ್ತಲೆ ಬರುತ್ತದೆ, ರೀಸೆಟ್. ಮೋಟಾರನ್ನು ರಿಲೇಯಿಂದ (ಕರೆಂಟಿನಿಂದ ಆಡುವ ಸ್ವಿಚ್) ಓಡಿಸ್ತಾ ಇದ್ದರೆ, ಅದು ಬಿಡುವಾಗ ಏಳುವ ಕಿಡಿ ಇನ್ನೊಂದು ತೊಂದರೆ. ಮೋಟಾರಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿ, ಬೆಳ್ಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ. ಮೋಟಾರಿನ ಎರಡು ಟರ್ಮಿನಲ್ ನಡುವೆ, ಮೋಟಾರಿನ ಮೈಮೇಲೇ, ‘104’ ಅಂತ ಬರೆದ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ. 12 ವೋಲ್ಟಿನ ಅಡಾಪ್ಟರನ್ನು ಮೋಟಾರಿಗೊಂದಕ್ಕೇ ಬಿಟ್ಟು, ಆರ್ಡುಯಿನೋಗೆ ಬೇರೆ ಮೊಬೈಲ್ ಚಾರ್ಜರ್ ಕೊಟ್ಟರೆ ಇನ್ನೂ ನೆಮ್ಮದಿ. ಬುಧವಾರ ಪೇಟೆಯಲ್ಲಿ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಅಂಗಡಿಗಳಲ್ಲಿ ಇದೆಲ್ಲಾ ಸಿಗುತ್ತದೆ. ಹಬ್ಬದ ವಾರದಲ್ಲಿ ಹೋದರೆ ಅಲ್ಲಿ ಕಾಲಿಡಲು ಜಾಗ ಇರಲ್ಲ, ಈಗಲೇ ಹೋಗಿ.

ಒಂದು ವಿಷಯಕ್ಕೆ ಮಾತ್ರ ನಾನು ಹಟ ಹಿಡಿಯುತ್ತೇನೆ. ಅಂಥ ತಗಡಿನ ಎಸ್‌ಎಂಪಿಎಸ್‌ನಲ್ಲಿ 230 ವೋಲ್ಟ್ ಬರುವ ಸ್ಕ್ರೂಗಳು ಹೊರಗೇ ಇರುತ್ತವೆ. ಅದರ ಮೇಲೆ ಮುಚ್ಚಳ ಬೇಕು, ಅರ್ತಿಂಗ್ ವೈರ್ ಬೇಕು. ಹಿಂದೆ ಬಟ್ಟೆ, ರಟ್ಟು, ಮುಂದೆ ಕರ್ಪೂರದ ಆರತಿ, ಸುತ್ತಲೂ ಮಕ್ಕಳು. ಎಸ್‌ಎಂಪಿಎಸ್ ಅನ್ನು ಮಂಟಪದೊಳಗೆ ಇಡದೆ, ಗಾಳಿ ಆಡುವ ಕಡೆ ಕೆಳಗೆ ಇಡಿ.

ಪ್ರಶ್ನೆ: ಲ್ಯಾಮಿಂಗ್ಟನ್ ರೋಡಿನ ಫುಟ್‌ಪಾತಿನಲ್ಲಿ 9800 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಅಂತ ಬರೆದ 18650 ಲಿಥಿಯಂ ಬ್ಯಾಟರಿ ತುಂಬಾ ಅಗ್ಗಕ್ಕೆ ಸಿಗುತ್ತದೆ. ನಾಲ್ಕು ತಗೊಂಡು ಪವರ್ ಬ್ಯಾಂಕ್ ಮಾಡಬಹುದಾ?
— ಗ್ರಾಂಟ್ ರೋಡ್, ಮುಂಬೈ

ಉತ್ತರ: ಬೇಡ. 18650 ಅಂದರೆ 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ. ಒಳ್ಳೆ ಕಂಪನಿಯವರು ಆ ಅಳತೆಯಲ್ಲಿ ತುಂಬಿಸೋದು ಸಾಮಾನ್ಯವಾಗಿ 3500 ಎಂಎಎಚ್ ಆಸುಪಾಸು. 9800 ಅಂತ ಬರೆದಿದ್ದರೆ ಅದು ಬರೀ ಸ್ಟಿಕರ್. ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ. ಒಳ್ಳೆ ಸೆಲ್ 45ರಿಂದ 50 ಗ್ರಾಂ ಇರುತ್ತದೆ, ಅದಕ್ಕಿಂತ ತೀರಾ ಹಗುರ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಹಳೆ ಲ್ಯಾಪ್‌ಟಾಪಿನಿಂದ ತೆಗೆದ ಸೆಲ್ ಆದರೆ ಮೊದಲು ವೋಲ್ಟೇಜ್ ಅಳೆಯಿರಿ. 2 ವೋಲ್ಟಿಗಿಂತ ಕೆಳಗೆ ಹೋಗಿದ್ದನ್ನು ಮತ್ತೆ ಚಾರ್ಜ್ ಮಾಡುವ ಆಸೆ ಬೇಡ, ಇ-ಕಸಕ್ಕೆ ಕೊಡಿ. ಚೆನ್ನಾಗಿರುವ ಎರಡನ್ನು ಪ್ಯಾರಲಲ್ ಜೋಡಿಸುವಾಗಲೂ ಎರಡರ ವೋಲ್ಟೇಜ್ ಒಂದೇ ಇರಬೇಕು. ಸೆಲ್ಲಿನ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಒಳಗಿನದು ಹಾಳಾಗುತ್ತದೆ. ಹೋಲ್ಡರ್ ತಗೊಳ್ಳಿ, ಇಲ್ಲವೇ ನಿಕಲ್ ಪಟ್ಟಿಗೆ ಸ್ಪಾಟ್ ವೆಲ್ಡಿಂಗ್ ಮಾಡಿಸಿ.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ ಮೇಲಿನ ಟ್ಯಾಂಕ್ ತುಂಬಿ ಹರಿಯುವುದು ದಿನದ ಕಥೆ. ವಾಚ್‌ಮನ್ ಪಂಪ್ ಹಾಕಿ ಮರೆಯುತ್ತಾನೆ. ಕಮಿಟಿಯಲ್ಲಿ ನಾನೊಬ್ಬನೇ ಎಲೆಕ್ಟ್ರಾನಿಕ್ಸ್ ಬಲ್ಲವನು ಅಂತ ಕೆಲಸ ನನ್ನ ತಲೆಗೆ ಬಂತು. ಮೊದಲು ನೀರಿಗೆ ತಾಮ್ರದ ತಂತಿ ಬಿಟ್ಟು ಮಟ್ಟ ಅಳೆದೆ. ಕೆಲವೇ ದಿನಕ್ಕೆ ತಂತಿ ಹಸಿರು ಹಿಡಿದು ಸವೆದುಹೋಯಿತು. ಆಮೇಲೆ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸೋನಿಕ್ ಹಾಕಿದೆ. ಅದು ಬೆಳಿಗ್ಗೆ ಒಂದು, ಸಂಜೆ ಒಂದು ಲೆಕ್ಕ ಹೇಳುತ್ತದೆ. ಪಂಪ್ ಒಂದೂವರೆ ಎಚ್‌ಪಿ. ನೀಲಿ ರಿಲೇ ಮಾಡ್ಯೂಲಿಗೆ ಜೋಡಿಸಬೇಕು ಅಂತಿದ್ದೇನೆ.
— ಮುಲುಂಡ್, ಮುಂಬೈ

ಉತ್ತರ: ರಿಲೇಯಿಂದ ಶುರು ಮಾಡ್ತೀನಿ, ಯಾಕೆಂದರೆ ಅದು ಇನ್ನೂ ಆಗಿಲ್ಲ. ದಯವಿಟ್ಟು ಬೇಡ. ನೀಲಿ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರೋದು ನಿಜ, ಆದರೆ ಅದು ಹೀಟರಿನಂಥ ಸಾಧು ಲೋಡಿಗೆ. ಒಂದೂವರೆ ಎಚ್‌ಪಿ ಅಂದರೆ ಮೋಟಾರಿನ ಶಾಫ್ಟಿಗೆ ಬರುವ ಶಕ್ತಿಯೇ 1100 ವಾಟಿನ ಮೇಲೆ, ಮೀಟರಿನಿಂದ ಎಳೆಯೋದು ಇನ್ನೂ ಹೆಚ್ಚು, ಮತ್ತು ಶುರುವಾಗುವಾಗ ಐದಾರು ಪಟ್ಟು. ಆ ಏಟಿಗೆ ರಿಲೇಯ ಒಳಗಿನ ಎರಡು ತುಂಡು ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ. ಆಮೇಲೆ ನಿಮ್ಮ ಕೋಡ್ ‘ಆಫ್’ ಅಂತ ಎಷ್ಟು ಕೂಗಿದರೂ ಪಂಪ್ ಓಡ್ತಾನೇ ಇರುತ್ತದೆ. ಆಗ ಟ್ಯಾಂಕ್ ಹರಿಯುತ್ತದೆ, ಬೈಗುಳ ವಾಚ್‌ಮನ್ನಿಗಲ್ಲ, ನಿಮಗೆ. ಪಂಪಿಗೆ ಕಾಂಟ್ಯಾಕ್ಟರ್ (ಮೋಟಾರಿನ ಏಟು ತಡೆಯುವ ದೊಡ್ಡ ರಿಲೇ) ಮತ್ತು ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ನಿಲ್ಲಿಸುವುದು) ಬೇಕು. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಕೂರಿಸಿ. ನಿಮ್ಮ ಚಿಕ್ಕ ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ಆಡಿಸಲಿ.

ತಂತಿ ಸವೆದದ್ದಕ್ಕೆ ಕಾರಣ ಸದಾ ಒಂದೇ ದಿಕ್ಕಿನಲ್ಲಿ ಹರಿದ ಡಿಸಿ ಕರೆಂಟ್. ನೀರಿನೊಳಗೆ ಒಂದು ತಂತಿಯ ತಾಮ್ರ ಕರಗಿ ಹೋಗುತ್ತಾ ಇರುತ್ತದೆ. ಕುಡಿಯುವ ನೀರು ಬೇರೆ! ಸ್ಟೀಲಿನ ಕಡ್ಡಿ ಹಾಕಿ, ಓದುವ ಆ ಕೆಲವು ಮಿಲಿಸೆಕೆಂಡು ಮಾತ್ರ ಕರೆಂಟ್ ಕೊಟ್ಟು ತೆಗೆದರೆ ಬಹಳ ಕಾಲ ಬಾಳುತ್ತದೆ. ಅಲ್ಟ್ರಾಸೋನಿಕ್ ತಪ್ಪು ಹೇಳೋದಕ್ಕೆ ಎರಡು ಕಾರಣ ಇರಬಹುದು. ಮುಚ್ಚಿದ ಟ್ಯಾಂಕಿನಲ್ಲಿ ಆವಿ ಹನಿಗಟ್ಟಿ ಅದರ ಜಾಲರಿಯ ಮೇಲೆ ಕೂರುತ್ತದೆ. ಇಲ್ಲವೇ ಅದರ ಶಬ್ದ ಹರಡಿಕೊಂಡು ಹೋಗಿ ಟ್ಯಾಂಕಿನ ಗೋಡೆಗೋ ಪೈಪಿಗೋ ಬಡಿದು ವಾಪಸ್ ಬರುತ್ತದೆ. ನೀರು ತಾಗದ ಜೆಎಸ್‌ಎನ್-ಎಸ್‌ಆರ್04ಟಿ ಸಿಗುತ್ತದೆ, ಆದರೆ ಅದಕ್ಕೆ ಸುಮಾರು 20–25 ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣೋದಿಲ್ಲ. ತುಂಬಿದ ಮಟ್ಟಕ್ಕಿಂತ ಅಷ್ಟು ಮೇಲೆ ಕೂರಿಸಬೇಕು.

ಇಷ್ಟೆಲ್ಲಾ ಹೇಳಿದ ಮೇಲೆ ನನ್ನ ನಿಜವಾದ ಸಲಹೆ: ಪ್ಲಂಬರುಗಳು ಹಾಕುವ ಫ್ಲೋಟ್ ಸ್ವಿಚ್ ಎರಡು ತನ್ನಿ. ಒಂದು ಮೇಲಿನ ಟ್ಯಾಂಕಿಗೆ, ತುಂಬಿದರೆ ನಿಲ್ಲಿಸಲು. ಇನ್ನೊಂದು ಕೆಳಗಿನ ಟ್ಯಾಂಕಿಗೆ, ಕಾರ್ಪೊರೇಷನ್ ನೀರು ಬಾರದ ದಿನ ಪಂಪ್ ಒಣಗಿ ಓಡದಂತೆ. ಎರಡನ್ನೂ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದು, ಕಾಂಟ್ಯಾಕ್ಟರ್ ಕಾಯಿಲಿಗೆ ಕೊಟ್ಟರೆ ಒಂದು ಸಾಲು ಕೋಡಿಲ್ಲದೆ ಕೆಲಸ ಮುಗಿಯಿತು. ಅಲ್ಟ್ರಾಸೋನಿಕ್ ಇರಲಿ, ಎಷ್ಟು ನೀರಿದೆ ಅಂತ ಮೊಬೈಲಿನಲ್ಲಿ ತೋರಿಸೋದಕ್ಕೆ. ಅದು ಸುಳ್ಳು ಹೇಳಿದರೂ ನೀರು ಹರಿಯಲ್ಲ ಅಲ್ವಾ?

ಪ್ರಶ್ನೆ: ಮಗನಿಗೆ 12 ವರ್ಷ. ಮನೆಯಲ್ಲಿ ಕಂಡದ್ದೆಲ್ಲಾ ಬಿಚ್ಚುತ್ತಾನೆ. ಬೈದರೆ ಮುನಿಸು, ಬಿಟ್ಟರೆ ನನಗೆ ಎದೆ ಡವಡವ. ಏನು ಬಿಚ್ಚಬಹುದು, ಏನು ಬಿಚ್ಚಬಾರದು ಹೇಳಿ ಸರ್. ಯಾವ ಕಿಟ್ ಕೊಡಿಸಲಿ?
— ತಾಯಿ, ಡೊಂಬಿವಲಿ

ಉತ್ತರ: ಬಿಡಿ ಅಮ್ಮಾ, ಬಿಚ್ಚಲಿ. ಆದರೆ ಮೈಕ್ರೋವೇವ್ ಓವನ್, ಪಿಕ್ಚರ್ ಟ್ಯೂಬಿನ ಹಳೆ ಟಿವಿ, ಇನ್ವರ್ಟರ್ ಈ ಮೂರು ಬೇಡವೇ ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ, ಟ್ಯೂಬಿನಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಮೊಬೈಲ್ ಚಾರ್ಜರ್ ಚಿಕ್ಕದು ಅಂತ ನಂಬಬೇಡಿ, ಅದರೊಳಗೂ 300 ವೋಲ್ಟಿನ ಮೇಲೆ ಇರುತ್ತದೆ. ಸೆಲ್ ಹಾಕಿ ಓಡುವ ಆಟಿಕೆ, ಗೋಡೆ ಗಡಿಯಾರ, ಟಿವಿ ರಿಮೋಟ್, ಕೆಟ್ಟ ಕೀಬೋರ್ಡ್, ಇವನ್ನೆಲ್ಲಾ ಧಾರಾಳವಾಗಿ ಕೊಡಿ. ಬೆಸುಗೆ ಕಲಿಯುವಾಗ ಕಿಟಕಿ ತೆಗೆದಿರಲಿ, ಐರನ್ನಿಗೆ ಸ್ಟ್ಯಾಂಡ್ ಇರಲಿ. ಸಾಲ್ಡರಿನಲ್ಲಿ ಸೀಸ ಇರುತ್ತದೆ, ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆಯೋದು ಕಡ್ಡಾಯ.

ದುಬಾರಿ ಕಿಟ್ ಈಗಲೇ ಯಾಕೆ? ಪುಣೆಯ ಖಗೋಳ ವಿಜ್ಞಾನ ಸಂಸ್ಥೆ ಐಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಬಹಳ ವರ್ಷ ಇದ್ದ ಅರವಿಂದ ಗುಪ್ತಾ ಅವರು ಕಸದಿಂದ ಆಟಿಕೆ ಮಾಡೋದನ್ನು ಮಕ್ಕಳಿಗೆ ಹೇಳಿಕೊಡುತ್ತಲೇ ಹೆಸರಾದವರು. ಅಂಥದ್ದೇ ಒಂದು ಮೋಟಾರ್ ಮನೆಯಲ್ಲಿ ಮಾಡಿಸಿ. ಒಂದು ದಪ್ಪ ಸೆಲ್, ಎರಡು ಸೇಫ್ಟಿ ಪಿನ್, ಹಳೆ ಸ್ಪೀಕರಿನ ಅಯಸ್ಕಾಂತ, ಎನಾಮಲ್ ಹಚ್ಚಿದ ತಾಮ್ರದ ತಂತಿ. ತಂತಿಯನ್ನು ಸೆಲ್ಲಿನ ಮೈಗೆ ಹತ್ತು ಸುತ್ತು ಸುತ್ತಿ, ಸುರುಳಿಯನ್ನು ಹೊರತೆಗೆದು, ಎರಡು ತುದಿ ಎದುರುಬದುರು ಹೊರಗೆ ಬಿಡಿ. ಸೆಲ್ಲಿನ ಎರಡು ತುದಿಗೆ ಒಂದೊಂದು ಪಿನ್ ಕಟ್ಟಿ, ಪಿನ್ನುಗಳ ತೂತಿನಲ್ಲಿ ಸುರುಳಿಯ ತುದಿಗಳನ್ನು ಕೂರಿಸಿ, ಕೆಳಗೆ ಅಯಸ್ಕಾಂತ ಇಡಿ. ಗುಟ್ಟು ಇರೋದು ತುದಿಗಳಲ್ಲಿ. ಒಂದು ತುದಿಯ ಎನಾಮಲ್ ಪೂರ್ತಿ ಕೆರೆಯಬೇಕು. ಇನ್ನೊಂದನ್ನು ಮೇಜಿನ ಮೇಲೆ ಒತ್ತಿಹಿಡಿದು ಮೇಲಿನ ಅರ್ಧ ಮಾತ್ರ ಕೆರೆಯಬೇಕು. ಎರಡನ್ನೂ ಪೂರ್ತಿ ಕೆರೆದರೆ ಸುರುಳಿ ಸುಮ್ನೆ ಅಲುಗಾಡಿ ನಿಲ್ಲುತ್ತದೆ. ಯಾಕೆ ಅಂತ ಅವನೇ ಕಂಡುಹಿಡಿಯಲಿ, ನೀವು ಹೇಳಬೇಡಿ.

ರಜೆಯಲ್ಲಿ ಪುಣೆ ಕಡೆ ಹೋದರೆ ಪಾಬಳ ಎಂಬ ಹಳ್ಳಿಯ ವಿಜ್ಞಾನ ಆಶ್ರಮದ ಬಗ್ಗೆ ವಿಚಾರಿಸಿ. 1983ರಲ್ಲಿ ಡಾ. ಎಸ್. ಎಸ್. ಕಾಲಬಾಗ್ ಶುರುಮಾಡಿದ ಜಾಗ, ಪಾಠಕ್ಕಿಂತ ಕೈಕೆಲಸ ಮುಂದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಫ್ಯಾಬ್ ಲ್ಯಾಬ್ (ಕಂಪ್ಯೂಟರ್ ಆಡಿಸುವ ಯಂತ್ರಗಳಿಂದ ವಸ್ತು ಮಾಡಿ ಕಲಿಯುವ ಕಾರ್ಯಾಗಾರ) ಹೊರದೇಶದಲ್ಲಿ ಮೊದಲಿಗೆ ಬಂದದ್ದು ಅಲ್ಲಿಗೇ, 2002ರಲ್ಲಿ.

ಪ್ರಶ್ನೆ: ಟೆರೇಸಿನ ಗಿಡಗಳಿಗೆ ತಾನಾಗಿ ನೀರು ಬಿಡುವ ಯಂತ್ರ ಮಾಡಿದೆ. ಬೇಸಿಗೆಯಲ್ಲಿ ಚೆನ್ನಾಗಿ ಓಡಿತು. ಮಳೆ ಬರುತ್ತೆ ಅಂತ ಡಬ್ಬಿಯನ್ನು ಸಿಲಿಕೋನ್ ಹಾಕಿ ಸಂದಿಯಿಲ್ಲದಂತೆ ಮುಚ್ಚಿದೆ. ಆದರೂ ಬೋರ್ಡೆಲ್ಲಾ ಹಸಿರು ಹಿಡಿದು ಸತ್ತಿತು. ಮಣ್ಣಿಗೆ ಚುಚ್ಚುವ ಸೆನ್ಸರಿನ ತಾಮ್ರವೂ ಹೋಯಿತು.
— ವಾಸ್ಕೋ, ಗೋವಾ

ಉತ್ತರ: ಮಳೆಗಾಲದಲ್ಲಿ, ಗೋವಾದಲ್ಲಿ, ಗಿಡಕ್ಕೆ ನೀರು ಬಿಡೋ ಯಂತ್ರ ಯಾಕ್ರೀ ಓಡಬೇಕು? ಮಳೆ ಮುಗಿಯುವವರೆಗೆ ಬಿಚ್ಚಿ ಒಳಗಿಡಿ! ಇರಲಿ. ಸಂದಿಯಿಲ್ಲದಂತೆ ಮುಚ್ಚಿದ್ದೇ ತೊಂದರೆ. ಮುಚ್ಚುವಾಗ ಒಳಗಿದ್ದ ತೇವದ ಗಾಳಿ ರಾತ್ರಿ ತಣ್ಣಗಾದಾಗ ಬೋರ್ಡಿನ ಮೇಲೇ ಹನಿಗಟ್ಟುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಎರಡನೆಯದು, ಸಿಲಿಕೋನ್ ಹಚ್ಚುವಾಗ ವಿನೆಗರ್ ವಾಸನೆ ಬಂತಾ? ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ಅಂಗಡಿಯಲ್ಲಿ ‘ನ್ಯೂಟ್ರಲ್’ ಅಂತ ಕೇಳಿ ತಗೊಳ್ಳಿ. ಸಮುದ್ರದ ಉಪ್ಪುಗಾಳಿ ಹೇಗೂ ಇದ್ದೇ ಇದೆ.

ಹೊಸ ಬೋರ್ಡನ್ನು ಬೆಸುಗೆ ಮುಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ, ಫ್ಲಕ್ಸ್ (ಬೆಸುಗೆಯಿಂದ ಉಳಿಯುವ ಅಂಟು) ಉಳಿಯಬಾರದು. ಒಣಗಿದ ಮೇಲೆ ಸರ್ಕ್ಯೂಟ್ ಬೋರ್ಡಿಗೆ ಹೊಡೆಯುವ ಲ್ಯಾಕರ್ ಸ್ಪ್ರೇ ಎರಡು ಪದರ, ಅದಕ್ಕೆ ಮೊದಲು ಕನೆಕ್ಟರುಗಳಿಗೆ ಟೇಪ್ ಸುತ್ತಿ. ಡಬ್ಬಿಯ ತಳದಲ್ಲಿ ಒಂದು ಸಣ್ಣ ತೂತು ಬಿಡಿ, ಇರುವೆ ಬರದಂತೆ ಜಾಲರಿ. ವೈರುಗಳೆಲ್ಲಾ ಕೆಳಗಿನಿಂದಲೇ ಒಳಗೆ ಹೋಗಲಿ, ಅದಕ್ಕೂ ಮೊದಲು ಒಂದು ಬಾಗು ಕೆಳಕ್ಕೆ ಇಳಿದಿರಲಿ, ಹನಿ ಅಲ್ಲಿಂದ ತೊಟ್ಟಿಕ್ಕುತ್ತದೆ. ಮಣ್ಣಿಗೆ ಕೆಪಾಸಿಟಿವ್ ಸೆನ್ಸರ್ ತಗೊಳ್ಳಿ, ಅದರಲ್ಲಿ ತಾಮ್ರ ಮಣ್ಣಿಗೆ ತಾಗಲ್ಲ. ಆದರೆ ಕತ್ತರಿಸಿದ ಅಂಚಿನಿಂದ ನೀರು ಇಳಿಯುತ್ತದೆ, ಅಂಚಿಗೆ ಉಗುರು ಬಣ್ಣ ಬಳಿಯಿರಿ.

ಪ್ರಶ್ನೆ: ನಾನು ಧಾರವಾಡದವನು, ಈಗ ಮಗನ ಜೊತೆ ಪಿಂಪ್ರಿಯಲ್ಲಿದ್ದೇನೆ. ಹೈಸ್ಕೂಲಿನಲ್ಲಿ ಡಯೋಡ್ ಹಾಕಿ ಬ್ಯಾಟರಿ ಇಲ್ಲದ ರೇಡಿಯೋ ಮಾಡಿದ್ದೆ. ಮೊಮ್ಮಗಳ ಜೊತೆ ಮತ್ತೆ ಮಾಡಿದೆ. ಪುಣೆ ಆಕಾಶವಾಣಿ ಚೆನ್ನಾಗಿ ಬರುತ್ತದೆ. ರಾತ್ರಿ ಧಾರವಾಡ ಹಿಡಿಯಬೇಕು ಅಂತ ಆಸೆ. ಏರಿಯಲ್ ಉದ್ದ ಮಾಡಿದರೆ ಪುಣೆಯೇ ಇನ್ನೂ ಜೋರಾಗುತ್ತದೆ.
— ನಿವೃತ್ತ ಶಿಕ್ಷಕರು, ಪಿಂಪ್ರಿ

ಉತ್ತರ: ಈ ತಿಂಗಳು ನನಗೆ ಬಹಳ ಖುಷಿ ಕೊಟ್ಟ ಪತ್ರ ಇದು, ಗುರುಗಳೇ. ಪುಣೆ 792 ಕಿಲೋಹರ್ಟ್ಜ್, ಧಾರವಾಡ 765. ನಡುವೆ ಬರೀ 27. ಒಂದೇ ಕಾಯಿಲಿನ ಡಯೋಡ್ ರೇಡಿಯೋಗೆ ಇಷ್ಟು ಹತ್ತಿರದ ಎರಡನ್ನು ಬೇರ್ಪಡಿಸೋದು ಕಷ್ಟ, ಅದರಲ್ಲೂ ಪಕ್ಕದವರು ಕೂಗುವಾಗ. ಉದ್ದದ ಏರಿಯಲ್ ಕಾಯಿಲಿನ ಮೇಲೆ ಹೊರೆ ಹಾಕಿ ಅದನ್ನು ಇನ್ನೂ ಮೊಂಡು ಮಾಡುತ್ತದೆ. ಜೊತೆಗೆ ಆ ರೇಡಿಯೋಗೆ ಸ್ವಂತ ಶಕ್ತಿ ಇಲ್ಲ, ಏರಿಯಲ್‌ಗೆ ಬಿದ್ದದ್ದೇ ಕಿವಿಗೆ. ಧಾರವಾಡ ಇಲ್ಲಿಂದ ನೆಟ್ಟಗೆ ಅಳೆದರೂ 350 ಕಿಲೋಮೀಟರ್ ಮೇಲೆ.

ರಾತ್ರಿ ಅಂತ ನೀವು ಆರಿಸಿದ್ದು ಸರಿ. ಹಗಲು ಅಯಾನುಗೋಳದ (ವಾತಾವರಣದ ಮೇಲಿನ, ವಿದ್ಯುತ್ ಕಣಗಳ ಭಾಗ) ಕೆಳಗಿನ ಡಿ ಪದರ ಮೀಡಿಯಂ ವೇವನ್ನು ಹೀರಿಬಿಡುತ್ತದೆ. ಕತ್ತಲಾದ ಮೇಲೆ ಆ ಪದರ ಇರುವುದಿಲ್ಲ, ಅಲೆ ಇನ್ನೂ ಮೇಲೆ ಹೋಗಿ ಬಡಿದು ಕೆಳಗೆ ಬರುತ್ತದೆ. ಹಾಗಾಗಿ ಡಯೋಡ್ ಬದಲು ಟಿಎ7642 ಎಂಬ ರೇಡಿಯೋ ಚಿಪ್ ಹಾಕಿ. ನೋಡೋದಕ್ಕೆ ಮೂರು ಕಾಲಿನ ಟ್ರಾನ್ಸಿಸ್ಟರ್, ಒಳಗೆ ಇಡೀ ರೇಡಿಯೋ, ಒಂದೂವರೆ ವೋಲ್ಟಿನ ಒಂದೇ ಸೆಲ್ ಸಾಕು. ಅದು 1972ರ ಝಡ್‌ಎನ್414 ಚಿಪ್ಪಿನ ವಂಶದ್ದು, ಆ ಹೆಸರು ನಿಮಗೆ ನೆನಪಿರಬಹುದು. ಹೊರಗಿನ ಏರಿಯಲ್ ತೆಗೆದುಬಿಡಿ. ಪುಣೆಯ ಹಳೆ ಸಾಮಾನಿನ ಸಂತೆ ಜೂನಾ ಬಜಾರಿನಲ್ಲಿ ಕೆಟ್ಟ ಟ್ರಾನ್ಸಿಸ್ಟರ್ ರೇಡಿಯೋ ಒಂದನ್ನು ತಗೊಂಡು ಅದರ ಫೆರೈಟ್ ಕಡ್ಡಿ (ಒಳಗಿನ ಕಪ್ಪು ಏರಿಯಲ್ ಕಡ್ಡಿ), ಕಾಯಿಲು, ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಹಿಡಿಯಲು ತಿರುಗಿಸುವ ಭಾಗ) ಮೂರನ್ನೂ ಬಳಸಿ.

ಫೆರೈಟ್ ಕಡ್ಡಿಗೆ ಒಂದು ಗುಣ ಉಂಟು. ತುದಿ ಯಾವ ಕಡೆಗಿದೆಯೋ ಆ ಕಡೆಯ ಸ್ಟೇಷನ್ ಅದಕ್ಕೆ ಕೇಳೋದಿಲ್ಲ. ಮೊದಲು ಪುಣೆ ಹಿಡಿದು, ರೇಡಿಯೋವನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ, ಪುಣೆ ತೀರಾ ಸಣ್ಣಗಾಗುವ ಜಾಗದಲ್ಲಿ ನಿಲ್ಲಿಸಿ. ಈಗ ಡಬ್ಬಿ ಅಲುಗಿಸದೆ ಕಂಡೆನ್ಸರ್ ಮಾತ್ರ ತಿರುಗಿಸಿ 765 ಹುಡುಕಿ. ಬಂದರೆ ಮೊಮ್ಮಗಳಿಗೆ ದೊಡ್ಡ ಪಾಠ ಆಯಿತು. ಬರದಿದ್ದರೆ ಉಳಿದ ದಾರಿ ಸೂಪರ್‌ಹೆಟ್, ಅಂದರೆ ಬಂದ ಸ್ಟೇಷನ್ನನ್ನು ಮೊದಲು 455 ಕಿಲೋಹರ್ಟ್ಜಿಗೆ ಬದಲಿಸಿ ಆಮೇಲೆ ಬೇರ್ಪಡಿಸುವ ರೇಡಿಯೋ. ಹೇಗೂ ಹಳೆ ರೇಡಿಯೋ ತಂದಿರುತ್ತೀರಲ್ಲ, ಭಾಗ ಕೀಳುವ ಮೊದಲು ಅದನ್ನೇ ರಿಪೇರಿ ಮಾಡಲು ಆಗುತ್ತಾ ನೋಡಿ. ಇನ್ನೊಂದು, ಫ್ಲ್ಯಾಟಿನೊಳಗೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಲಿಫ್ಟ್ ಎಲ್ಲಾ ಸೇರಿ ಮೀಡಿಯಂ ವೇವಿನಲ್ಲಿ ಗುರ್ ಅನ್ನುತ್ತವೆ. ಸೆಲ್ ಮೇಲೆ ಓಡುವ ರೇಡಿಯೋ ತಾನೇ, ಟೆರೇಸಿಗೆ ಒಯ್ಯಿರಿ.

ಪ್ರಶ್ನೆ: ಎಫ್‌ಎಂ ಟ್ರಾನ್ಸ್‌ಮಿಟರ್ ಮಾಡಿ ನಮ್ಮ ಕಾಲೋನಿಗೆ ಕನ್ನಡ ಹಾಡು ಹಾಕಬಹುದಾ?
— ಮಡಗಾಂವ್

ಉತ್ತರ: ಮಾಡೋದು ಸುಲಭ, ಲೈಸೆನ್ಸ್ ಇಲ್ಲದೆ ಹಾಕೋದು ಅಪರಾಧ. ಎಫ್‌ಎಂ ಬ್ಯಾಂಡ್ 108 ಮೆಗಾಹರ್ಟ್ಜಿಗೆ ಮುಗಿಯುತ್ತದೆ, ಅಲ್ಲಿಂದಲೇ ವಿಮಾನಗಳು ಬಳಸುವ ಬ್ಯಾಂಡ್ ಶುರು. ಮನೆಯಲ್ಲಿ ಮಾಡಿದ ಟ್ರಾನ್ಸ್‌ಮಿಟರ್ ಒಂದು ಕಡೆ ನಿಲ್ಲೋದಿಲ್ಲ, ಬಿಸಿಯಾದಂತೆ ಜಾರುತ್ತದೆ. ಟ್ರಾನ್ಸ್‌ಮಿಟರ್ ಹುಚ್ಚು ನಿಜವಾಗಿದ್ದರೆ ಹ್ಯಾಮ್ ರೇಡಿಯೋ (ಹವ್ಯಾಸಿಗಳಿಗೆ ಲೈಸೆನ್ಸ್ ಕೊಡುವ ರೇಡಿಯೋ) ಪರೀಕ್ಷೆ ಬರೆಯಿರಿ. ಅದರಲ್ಲಿ ಹಾಡು ಹಾಕುವ ಹಾಗಿಲ್ಲ, ಆದರೆ ನೀವೇ ಮಾಡಿದ ಸೆಟ್ಟಿನಿಂದ ಬೇರೆ ದೇಶದವರ ಜೊತೆ ಮಾತಾಡಬಹುದು. ಕಾಲೋನಿಗೆ ಹಾಡು ಬೇಕಿದ್ದರೆ ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ಸಾಕು, ರಾತ್ರಿ ಹತ್ತಕ್ಕೆ ಮೊದಲು ನಿಲ್ಲಿಸಿ.